ಅಮಾವಾಸ್ಯೆ ಗುರುವಾರದ ಸೂಜಿ

ಮಂಚಮ್ಮ ಅಮಾವಾಸ್ಯೆಗೆ ಗಂಜಾಂನ ನಿಮಿಷಾಂಬೆ ದೇವಸ್ಥಾನಕ್ಕೆ ಹೊರಟರೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಆರರ ಬಸ್ಸಿಗೆ ಬರುತ್ತಿದ್ದಳು. ಪ್ರತಿ ಅಮಾವಾಸ್ಯೆಗೂ ಹೋಗುವವಳಲ್ಲ, ವರ್ಷಕ್ಕೆ ಎರಡೋ ಮೂರೋ ಸಲ. ೧೯೯೬ರಲ್ಲಿ ಗೌರಿ ಹಬ್ಬಕ್ಕೆ ಮೂರು ದಿನ ಮುಂಚಿನ ಅಮಾವಾಸ್ಯೆ ಗುರುವಾರ ಬಂತು. ಗುರುವಾರವೆಂದರೆ ಅವರ ಊರು ಚಿನಕುರಳಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ. ಈ ಎರಡೂ ಒಂದೇ ದಿನ ಕೂಡಿ ಬರಲೆಂದು ಮಂಚಮ್ಮನ ಸೊಸೆ ಪುಟ್ಟಲಕ್ಷ್ಮಮ್ಮ ಒಂದು ತಿಂಗಳಿನಿಂದ ಕಾಯುತ್ತಿದ್ದಳು.

ಪುಟ್ಟಲಕ್ಷ್ಮಮ್ಮ ನನಗೆ ದೂರದ ಸಂಬಂಧದಲ್ಲಿ ಅತ್ತಿಗೆಯಾಗಬೇಕು. ತವರು ಬೂಕನಕೆರೆ. ಏಳನೇ ತರಗತಿವರೆಗೆ ಓದಿದ್ದಾಳೆ. ಮಗಳು ಮೇಘನಳ ಚುಚ್ಚುಮದ್ದಿನ ಕಾರ್ಡನ್ನು ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ ಇಟ್ಟಿದ್ದಳು. ಮೊದಲ ಮೂರು ಸೂಜಿಗಳು ಬಾಣಂತನದ ಕಾಲದಲ್ಲಿ ತವರಿನಲ್ಲೇ ಮುಗಿದಿದ್ದವು. ಒಂಬತ್ತನೇ ತಿಂಗಳಿನದು ಗಂಡನ ಮನೆಯಲ್ಲಿದ್ದಾಗ. ಅದನ್ನು ಹಾಕಿಸಿದ ಮೇಲೆ ಮಗುವಿಗೆ ಮೂರು ದಿನ ಜ್ವರ ಬಂತು. ಮೂರು ದಿನವೂ ಮಂಚಮ್ಮ ಮೊಮ್ಮಗಳನ್ನು ಮಡಿಲಿನಿಂದ ಇಳಿಸಲಿಲ್ಲ. ನಾಲ್ಕನೆಯ ದಿನ, "ಇನ್ ಈ ಮನೇಲಿ ಸೂಜಿ ಮಾತು ಎತ್ಬ್ಯಾಡಿ" ಎಂದಳು. ಅವಳು ಎತ್ತರದ ದನಿಯಲ್ಲಿ ಮಾತಾಡುವವಳಲ್ಲ. ಆದರೆ ಆ ಮನೆಯಲ್ಲಿ ಅವಳ ಮಾತಿನ ಮೇಲೆ ಇನ್ನೊಂದು ಮಾತು ಇರಲಿಲ್ಲ. ಮಗ ಚಲುವರಾಜು ಊರಾಚೆಯ ಕಲ್ಲು ಕ್ವಾರಿಯಲ್ಲಿ ದಿನವೆಲ್ಲ ದುಡಿದು ತಲೆತುಂಬ ಬಿಳಿ ಧೂಳು ಹೊತ್ತು ಬರುತ್ತಿದ್ದ. ಅವನೂ ತಾಯಿಯ ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ.

ಕಾರ್ಡಿನಲ್ಲಿ ಒಂದೂವರೆ ವರ್ಷದ ಚೌಕ ಖಾಲಿ ಉಳಿದಿತ್ತು.

ಗುರುವಾರ ಹತ್ತು ಗಂಟೆಗೆ ಪುಟ್ಟಲಕ್ಷ್ಮಮ್ಮ ಮಗುವನ್ನು ಕಂಕುಳಿಗೆ ಎತ್ತಿಕೊಂಡು ಅಂಗನವಾಡಿಗೆ ಹೋದಳು. ನರ್ಸಮ್ಮ ಸಿದ್ದಲಿಂಗಮ್ಮ ಮಂಜುಗಡ್ಡೆಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು.

"ಎಲ್ಲಿ, ನಿಮ್ಮತ್ತೆ ಕಾಣ್ಲಿಲ್ಲ?"

"ಗಂಜಾಂಗೆ ಓಗವ್ರೆ."

"ಅದಕ್ಕಾ ನೀನು ಬಂದಿರೋದು," ಎಂದು ಸಿದ್ದಲಿಂಗಮ್ಮ ನಕ್ಕರು. "ಕಾಲು ಗಟ್ಟಿಯಾಗಿ ಇಡ್ಕ. ಒದ್ದಾಳು."

ಮೊದಲು ಬಾಯಿಗೆ ಎರಡು ಹನಿ ಪೋಲಿಯೋ ಔಷಧಿ, ಆಮೇಲೆ ಎಡ ತೊಡೆಗೆ ಸೂಜಿ. ಮೇಘನ ಅತ್ತು ಅತ್ತು ಬಿಕ್ಕುವುದು ನಿಲ್ಲುವವರೆಗೂ ಸಿದ್ದಲಿಂಗಮ್ಮ ಹೇಳುತ್ತಲೇ ಇದ್ದರು. "ಇವತ್ತು ನಾಳೆ ಮೈ ಕಾಯ್ತದೆ. ಈ ಮಾತ್ರೆ ಅರ್ಧ ಮುರಿದು ನೀರಲ್ಲಿ ಕಲಸಿ ಕುಡಿಸು. ಜಾಗ ಊದ್ಕಂಡ್ರೆ ತಣ್ಣೀರು ಬಟ್ಟೆ ಮಡಗು. ಶಾಖ ಕೊಡ್ಬ್ಯಾಡ, ಉಜ್ಜಬ್ಯಾಡ, ಸೊಪ್ಪು ಕಟ್ಬ್ಯಾಡ. ಕೇಳಿಸ್ತಾ?"

"ಊಂ ಕಣಕ್ಕ."

ಮಧ್ಯಾಹ್ನದ ಹೊತ್ತಿಗೆ ತೊಡೆ ಊದಿಕೊಂಡಿತು. ಅರ್ಧ ನಿಂಬೆಹಣ್ಣು ಬೋರಲು ಹಾಕಿದಷ್ಟು ಎತ್ತರ. ಪುಟ್ಟಲಕ್ಷ್ಮಮ್ಮ ಎರಡು ಗಂಟೆ ಕಾಲ ತಣ್ಣೀರು ಬಟ್ಟೆ ಹಾಕಿದಳು. ಊತ ಇಳಿಯಲಿಲ್ಲ. ಆರರ ಬಸ್ಸಿಗೆ ಅತ್ತೆ ಇಳಿಯುತ್ತಾಳೆ, ಇಳಿದವಳೇ ಮೊಮ್ಮಗಳನ್ನು ಎತ್ತಿಕೊಳ್ಳುತ್ತಾಳೆ, ತೊಡೆ ಕಾಣುತ್ತದೆ. ನಾಲ್ಕು ಗಂಟೆಗೆ ಅವಳು ಹಿತ್ತಲ ಬೇಲಿ ದಾಟಿ ಹೊಲದ ಬದುವಿಗೆ ಹೋಗಿ ಎರಡು ಎಕ್ಕದ ಎಲೆ ಕಿತ್ತಳು. ತವರಿನಲ್ಲಿ ಉಳುಕಿಗೆ, ಊತಕ್ಕೆ ಅವಳ ತಾಯಿ ಅದನ್ನೇ ಕಟ್ಟುತ್ತಿದ್ದಳು. ಬೆರಳಿಗೆ ಅಂಟಿದ ಬಿಳಿ ಹಾಲನ್ನು ಸೆರಗಿಗೆ ಒರೆಸಿಕೊಂಡು, ಎಲೆಗೆ ಹರಳೆಣ್ಣೆ ಸವರಿ, ಒಲೆಯ ಮುಂದೆ ಒಂದು ಸಲ ಬಾಡಿಸಿ, ಊತದ ಮೇಲಿಟ್ಟು ಹಳೇ ಸೀರೆಯ ಚೂರಿನಿಂದ ಬಿಗಿಯಾಗಿ ಕಟ್ಟಿದಳು. ಮೇಲೆ ಚಡ್ಡಿ ತೊಡಿಸಿದಳು.

ಮಂಚಮ್ಮ ಬಂದಾಗ ಮೇಘನಳ ಮೈ ಸುಡುತ್ತಿತ್ತು. "ಗಾಳಿ ತಟ್ಟಿರ್ಬೇಕು, ಇವತ್ತು ನೀರು ಉಯ್ಯೋದು ಬ್ಯಾಡ" ಎಂದು ಅವಳೇ ಹೇಳಿ, ದೇವಸ್ಥಾನದ ಕುಂಕುಮವನ್ನು ಮಗುವಿನ ಹಣೆಗೆ ಇಟ್ಟಳು. ಸೊಸೆ ಅಡುಗೆಮನೆಯಲ್ಲಿ ಮುಖ ಒಲೆಯ ಕಡೆಗೆ ತಿರುಗಿಸಿಕೊಂಡು ಮುದ್ದೆ ತಿರುವುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಜ್ವರ ಇಳಿದಿತ್ತು. ಪುಟ್ಟಲಕ್ಷ್ಮಮ್ಮ ಸಮಾಧಾನದಿಂದ ಮಗುವನ್ನು ಚಾಪೆಯ ಪಕ್ಕ ನಿಲ್ಲಿಸಿದಳು. ಮೇಘನ ಬಲಗಾಲು ಊರಿದಳು. ಎಡಗಾಲು ಮಡಚಿಕೊಂಡೇ ಇತ್ತು. ಇನ್ನೊಮ್ಮೆ ನಿಲ್ಲಿಸಿದಳು. ಮಗು ಚೀರಿ ಅವಳ ಕುತ್ತಿಗೆಗೆ ಬಿತ್ತು.

ಕೋಣೆಯ ಬಾಗಿಲು ಮುಂದಕ್ಕೆ ತಳ್ಳಿ ಕಟ್ಟು ಬಿಚ್ಚಿ ನೋಡಿದಳು. ಊತ ಹಾಗೇ ಇತ್ತು, ಅದರ ಸುತ್ತ ಅಂಗೈ ಅಗಲ ಕೆಂಪಗಾಗಿತ್ತು. ಸೂಜಿ ಚುಚ್ಚಿದ ಜಾಗ ಕೆಟ್ಟಿದೆ ಎಂದುಕೊಂಡಳು. ಹೊಸ ಎಲೆ ತಂದು ಕಟ್ಟಿದಳು.

ಎಂಟು ಗಂಟೆಗೆ ನಲ್ಲಿಯ ಹತ್ತಿರ ಎದುರುಮನೆಯ ಬೆಟ್ಟಮ್ಮ, "ಏನ್ ಮಂಚಮ್ಮ, ನಿನ್ನೆ ಮೊಮ್ಮಗಳಿಗೆ ಸೂಜಿ ಆಕ್ಸಿದ್ರಂತೆ, ಜ್ವರ ಬಂತಾ?" ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳೂ ಮೊಮ್ಮಗನಿಗೆ ಅಲ್ಲೇ ಹಾಕಿಸಿದ್ದಳು.

ಮಂಚಮ್ಮ ತುಂಬಿದ ಬಿಂದಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

"ಯಾವ ಕಾಲಿಗೆ?"

ಪುಟ್ಟಲಕ್ಷ್ಮಮ್ಮ ಮಗುವಿನ ಚಡ್ಡಿಯ ಅಂಚನ್ನು ಕೆಳಕ್ಕೆ ಎಳೆದಳು.

"ಯಾವ ಕಾಲಿಗೆ ಅಂದೆ."

"ಎಡಗಾಲಿಗೆ."

ಮಂಚಮ್ಮ ಮೊಮ್ಮಗಳ ಮಡಚಿಕೊಂಡ ಕಾಲನ್ನು ನೋಡಿದಳು. ಕೆಲಸಕ್ಕೆ ಹೊರಟಿದ್ದ ಮಗನ ಕಡೆಗೆ ತಿರುಗಿದಳು. "ನಾನು ಅಮ್ನೋರ ಮುಂದೆ ಈ ಕೂಸಿಗೇ ಅಂತ ಕೈ ಮುಗ್ದು ನಿಂತಿದ್ರೆ, ಇವ್ಳಿಲ್ಲಿ ಅದರ ಕಾಲಿಗೆ ಚುಚ್ಚಿಸ್ತಾ ಕುಂತಿದ್ಲು. ಈಗ ಕಾಲು ಊರಾಕಿಲ್ಲ. ನೋಡ್ಕ."

ಚಲುವರಾಜು ಹೆಂಡತಿಯನ್ನು ಕೇಳಿದ. "ಒಂದ್ ಮಾತು ಏಳ್ಬುಟ್ಟು ಓಗಕ್ಕೆ ಏನಾಗಿತ್ತು ನಿಂಗೆ?"

"ಏಳಿದ್ರೆ ಕಳಿಸ್ತಿದ್ರಾ?"

ಅವನು ಸೈಕಲ್ಲು ಹತ್ತಿ ನರ್ಸಮ್ಮನ ಉಪಕೇಂದ್ರಕ್ಕೆ ಹೋದ. ಬೀಗ ಹಾಕಿತ್ತು. ಸಿದ್ದಲಿಂಗಮ್ಮ ಪಾಂಡವಪುರಕ್ಕೆ ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು. ಬಂದ ಕೂಡಲೇ ನಮ್ಮನೆಗೆ ಕಳಿಸಿ ಎಂದು ಹೇಳಿ ವಾಪಸು ಬಂದ. ಆಸ್ಪತ್ರೆಗೆ ಎತ್ತಿಕೊಂಡು ಹೋಗೋಣವೆಂದರೆ ತಾಯಿ, "ಇನ್ನೊಂದು ಸೂಜಿ ಚುಚ್ಚಿಸ್ಕಂಡು ಬರಕ್ಕಾ?" ಎಂದಳು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, "ನಾಳೆ ಸಂಜೆಗಂಟ ನೋಡ್ತೀನಿ. ಆಮೇಲೆ ಯಾರ್ ಏನಂದ್ರೂ ಮೈಸೂರಿಗೆ ಎತ್ಕಂಡು ಓಯ್ತೀನಿ" ಎಂದ. ತಾಯಿಯ ಮುಂದೆ ಅಷ್ಟು ಉದ್ದದ ಮಾತು ಅವನು ಆಡಿದ್ದು ಅದೇ ಮೊದಲು.

ಮೈಸೂರಿನ ಮಾತು ಕೇಳಿ ಪುಟ್ಟಲಕ್ಷ್ಮಮ್ಮನಿಗೆ ಧೈರ್ಯ ಬರಲಿಲ್ಲ. ಅಲ್ಲಿನ ಡಾಕ್ಟರು ಏನು ಹೇಳುತ್ತಾರೆಂದು ತನಗೆ ಮೊದಲೇ ಗೊತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ಬೂಕನಕೆರೆಯಲ್ಲಿ ಅವಳ ತಮ್ಮ ತಿಮ್ಮರಾಜುಗೆ ಎರಡು ವರ್ಷ. ನಾಲ್ಕು ದಿನ ಜ್ವರ ಬಂದು ಇಳಿಯಿತು. ಐದನೆಯ ಬೆಳಿಗ್ಗೆ ಅವರ ತಾಯಿ ಎಂದಿನಂತೆ ಹಿತ್ತಲಲ್ಲಿ ಕಾಲು ಚಾಚಿ ಕೂತು, ಜೋಡಿಸಿದ ಪಾದಗಳ ಮೇಲೆ ಮಗುವನ್ನು ಕಕ್ಕಕ್ಕೆ ಕೂರಿಸಿದಳು. ತಿಮ್ಮರಾಜು ಪಕ್ಕಕ್ಕೆ ಉರುಳಿದ. ತಾಯಿ ನಗುತ್ತಾ ಮತ್ತೆ ಕೂರಿಸಿದಳು. ಮತ್ತೆ ಉರುಳಿದ. ಮೂರನೆಯ ಸಲ ತಾಯಿ ನಗಲಿಲ್ಲ. ನೀರಿನ ಚೆಂಬು ಹಿಡಿದು ಪಕ್ಕದಲ್ಲಿ ನಿಂತಿದ್ದ ಆರು ವರ್ಷದ ಪುಟ್ಟಲಕ್ಷ್ಮಿ ಅದನ್ನು ನೋಡಿದ್ದಳು. ಪೋಲಿಯೋ ಎಂಬ ಹೆಸರು ಆಮೇಲೆ ಗೊತ್ತಾಯಿತು.

ಅದಕ್ಕೇ ಅವಳು ಶುಕ್ರವಾರವಿಡೀ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ. ಅತ್ತೆಯ ಕೈಗೂ ಕೊಡಲಿಲ್ಲ. ತೊಡೆಯ ಕೆಂಪು ಅತ್ತೆಗೆ ಕಾಣಬಾರದು ಎಂಬುದು ಒಂದು. ಅದಕ್ಕಿಂತ ದೊಡ್ಡದು ಮಂಚಮ್ಮನ ಪಾದಗಳ ಭಯ.

ಮಂಚಮ್ಮ ಆ ಬೀದಿಯ ಎಷ್ಟೋ ಮಕ್ಕಳನ್ನು ತನ್ನ ಪಾದದ ಮೇಲೆ ಕೂರಿಸಿ ರೂಢಿ ಮಾಡಿಸಿದವಳು. ಹಾಲು ಕುಡಿದ ಅರ್ಧ ಗಂಟೆಗೆ ಹಿತ್ತಲ ಬಾಗಿಲ ಬಳಿ ಕಾಲು ನೀಡಿ ಕೂರುತ್ತಿದ್ದಳು. ಮಗುವನ್ನು ತನ್ನ ಕಡೆ ಮುಖ ಮಾಡಿ ಪಾದದ ಮೇಲೆ ಕೂರಿಸಿ, ಎರಡು ಕೈ ಹಿಡಿದು "ಸ್ಸ್" ಎಂದು ಸದ್ದು ಮಾಡುತ್ತಿದ್ದಳು. ನಡೆಯಲು ಬಂದ ಮೇಲೆ ನುಗ್ಗೆಮರದ ಬುಡದಲ್ಲಿ ಬೂದಿ ಹರಡಿ, ಅಲ್ಲಿ ತಾನಾಗಿ ಕೂರುವುದನ್ನು ಕಲಿಸುತ್ತಿದ್ದಳು. ಬೈಯುತ್ತಿರಲಿಲ್ಲ, ಅವಸರ ಪಡುತ್ತಿರಲಿಲ್ಲ. ಮೇಘನ "ಆಯ್" ಎಂದು ತನ್ನದೇ ಒಂದು ಮಾತು ಕಂಡುಕೊಂಡು, ಚಡ್ಡಿ ಜಗ್ಗುತ್ತಾ ಹಿತ್ತಲಿಗೆ ಓಡಲು ಶುರುಮಾಡಿ ಹದಿನೈದು ದಿನವಾಗಿತ್ತು. ಮಂಚಮ್ಮ ಅದನ್ನು ನಲ್ಲಿಯ ಹತ್ತಿರ ದಿನವೂ ಹೇಳುತ್ತಿದ್ದಳು.

ಈಗ ಮಗುವಿನ ಆ "ಆಯ್" ನಿಂತುಹೋಗಿತ್ತು. ಶುಕ್ರವಾರ ಮಗು ಚಡ್ಡಿಯಲ್ಲೇ ಮೂರು ಸಲ ಉಚ್ಚೆ ಮಾಡಿತು. ಪ್ರತಿ ಸಲವೂ ಪುಟ್ಟಲಕ್ಷ್ಮಮ್ಮ ಕೋಣೆಗೆ ಎತ್ತಿಕೊಂಡು ಹೋಗಿ, ಬಾಗಿಲು ತಳ್ಳಿ ಚಡ್ಡಿ ಬದಲಾಯಿಸಿದಳು. ಕಕ್ಕ ಮಾತ್ರ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಎಲೆ ಬದಲಾಯಿಸುವಾಗ ಕೆಂಪು ಇನ್ನೂ ಹರಡಿ, ನಡುವೆ ಗುಳ್ಳೆಗಳು ಎದ್ದಿದ್ದವು. ಹೊಸ ಎಲೆಯಿಟ್ಟು ಇನ್ನೂ ಬಿಗಿಯಾಗಿ ಕಟ್ಟಿದಳು.

ಹನ್ನೊಂದು ಗಂಟೆಗೆ ಬೂಕನಕೆರೆ ಕಡೆಯ ಬಸ್ಸಿನಿಂದ ತಿಮ್ಮರಾಜು ಇಳಿದು ಬಂದ. ಅಕ್ಕನಿಗೆ ಗೌರಿ ಬಾಗಿನ ತಂದಿದ್ದ. ಎಡ ಹೆಗಲಿಗೆ ಬಾಗಿನದ ಚೀಲ, ಬಲಗೈ ಬಲ ಮಂಡಿಯ ಮೇಲೆ. ಹೆಜ್ಜೆಗೊಮ್ಮೆ ಮಂಡಿಯನ್ನು ಕೈಯಿಂದ ಒತ್ತಿ ನೆಟ್ಟಗೆ ಮಾಡಿಕೊಳ್ಳದಿದ್ದರೆ ಆ ಕಾಲು ಮಡಚಿಕೊಳ್ಳುತ್ತಿತ್ತು. ಬೀದಿಯ ತುದಿಯಿಂದ ಜಗಲಿಯವರೆಗೆ ಅವನು ಬರುವುದನ್ನು ಮಂಚಮ್ಮ ಕಣ್ಣು ಕೀಳದೆ ನೋಡಿದಳು. ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದ ಚಲುವರಾಜು ಎದ್ದು ಹೋಗಿ ಚೀಲ ಇಳಿಸಿಕೊಂಡ.

"ಬಾರಪ್ಪ, ಕುಂತ್ಕ," ಎಂದಳು ಮಂಚಮ್ಮ. "ನಿಮ್ಮಕ್ಕ ಮಾಡಿರೋ ಕೆಲ್ಸ ನೋಡು. ಸೂಜಿ ಆಕ್ಸಿ ನಿನ್ ಕಾಲಿಗೊಂದು ಜೋಡಿ ಮಾಡವ್ಳೆ."

ಚಲುವರಾಜು, "ಅವ್ವ, ಸುಮ್ಕಿರು" ಎಂದ.

ತಿಮ್ಮರಾಜು ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ಜಗಲಿಯ ಮೇಲೆ ಇಟ್ಟುಕೊಂಡ. "ನಂಗೆ ಯಾರೂ ಸೂಜಿ ಆಕ್ಸಿರ್ಲಿಲ್ಲ, ಹನಿನೂ ಉಯ್ಸಿರ್ಲಿಲ್ಲ ಕಣತ್ತೆ. ಉಯ್ಸಿದ್ರೆ ಬಸ್ ಸ್ಟಾಂಡಿಂದ ನಿಮ್ಮನೆಗೆ ಓಡ್ಕಂಡು ಬತ್ತಿದ್ದೆ."

ಮಂಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬೇರೆಯೇ ದನಿಯಲ್ಲಿ ಸೊಸೆಯನ್ನು ಕೇಳಿದಳು. "ಕೂಸು ಕಕ್ಕ ಮಾಡಿ ಎಷ್ಟು ದಿನ ಆಯ್ತು?"

"ಗುರುವಾರ ಬೆಳಿಗ್ಗೆ."

"ಎರಡು ದಿನ. ಒಟ್ಟೆ ಕಲ್ಲಾಗಿರ್ತದೆ. ಕೊಡಿಲ್ಲಿ."

"ಬ್ಯಾಡ ಕಣತ್ತೆ, ನಾನೇ ಕೂರುಸ್ತೀನಿ."

"ನೀನೇ ಅಂತ ಎರಡು ದಿನ ಬುಟ್ಟಿದ್ದಾತು. ಕೊಡು."

ಮಂಚಮ್ಮ ಮಗುವನ್ನು ಕಿತ್ತುಕೊಂಡಂತೆಯೇ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದಳು. ಚಡ್ಡಿ ಕಳಚಿದಾಗ ಬಟ್ಟೆಯ ಕಟ್ಟು ಕಂಡಿತು. "ಇದೇನು?" ಎಂದಳು. "ಸೂಜಿ ಜಾಗಕ್ಕೆ" ಎಂದಳು ಸೊಸೆ. ಮಂಚಮ್ಮ ಹೆಚ್ಚು ಕೇಳದೆ ಕಾಲು ನೀಡಿ ಕೂತು, ಪಾದಗಳನ್ನು ಜೋಡಿಸಿ, ಮೊಮ್ಮಗಳನ್ನು ಕೂರಿಸಿದಳು.

ಮೇಘನ ಪಕ್ಕಕ್ಕೆ ವಾಲಿದಳು.

ಪುಟ್ಟಲಕ್ಷ್ಮಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಹಿಂದೆ ಚಲುವರಾಜು, ಅವನ ಹಿಂದೆ ಗೋಡೆ ಹಿಡಿದು ತಿಮ್ಮರಾಜು. ಮಂಚಮ್ಮ ಮಗುವನ್ನು ನೆಟ್ಟಗೆ ಮಾಡಿ ಎರಡು ಕೈ ಹಿಡಿದು "ಸ್ಸ್" ಎಂದಳು. ಮಗು ಮತ್ತೆ ಬಲಕ್ಕೆ ವಾಲಿತು. ಅಳು. ಮಂಚಮ್ಮ ಬೈಯಲಿಲ್ಲ, ಅವಸರ ಪಡಲಿಲ್ಲ. ಮತ್ತೆ ನೆಟ್ಟಗೆ ಮಾಡಿದಳು, ಮತ್ತೆ ಅದೇ ಸದ್ದು. ಎರಡು ದಿನದ ಹೊಟ್ಟೆ ತಡೆಯಲಿಲ್ಲ. ಮೇಘನಳ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಮಗು ತಿಣುಕಿತು.

ಮಂಚಮ್ಮನ ಸದ್ದು ನಿಂತಿತು. ಅವಳು ತನ್ನ ಪಾದಗಳನ್ನೇ ನೋಡುತ್ತಿದ್ದಳು.

"ಪುಟ್ಲಕ್ಷ್ಮೀ, ಬಾ ಇಲ್ಲಿ. ಬಗ್ಗಿ ನೋಡು."

ಪುಟ್ಟಲಕ್ಷ್ಮಮ್ಮ ಚೌಕಟ್ಟು ಬಿಡಲಿಲ್ಲ.

"ಬಾ ಅಂದ್ರೆ. ಬೆರಳು ನೋಡು. ಎರಡು ಕಾಲ್ದೂ."

ಮಗುವಿನ ಹತ್ತು ಬೆರಳುಗಳೂ ಮಡಚಿಕೊಂಡು ಮಂಚಮ್ಮನ ಪಾದದ ಚರ್ಮವನ್ನು ಹಿಡಿದಿದ್ದವು. ಎಡಗಾಲಿನವು ಬಲಗಾಲಿಗಿಂತ ಗಟ್ಟಿಯಾಗಿ. "ಉಗುರು ನಾಟ್ತಾ ಅವೆ ನಂಗೆ," ಎಂದಳು ಮಂಚಮ್ಮ. ಆಮೇಲೆ ತಲೆಯೆತ್ತಿ, ಬೆಳಿಗ್ಗೆಯಿಂದ ಮೊದಲ ಸಲ ಮೆತ್ತಗೆ ಕೇಳಿದಳು. "ತಿಮ್ಮರಾಜು, ಬೇಜಾರು ಮಾಡ್ಕಬ್ಯಾಡ ಕಣಪ್ಪ. ನಿನ್ ಆ ಕಾಲಿನ ಬೆರಳು ಇಂಗೆ ಮಡಚ್ತವಾ?"

ತಿಮ್ಮರಾಜು ಚಪ್ಪಲಿ ಬಿಟ್ಟು ಪಾದ ನೋಡಿಕೊಂಡ. ಪ್ರಯತ್ನಪಟ್ಟ. ಬೆರಳುಗಳು ಅಲುಗಲಿಲ್ಲ. "ಇಲ್ಲ ಕಣತ್ತೆ. ನಾನೇಳಿದ್ ಮಾತು ಅದು ಯಾವತ್ತೂ ಕೇಳಿಲ್ಲ."

"ಅಂಗಾರೆ ಈ ಕಾಲು ಓಗಿಲ್ಲ. ಇದು ನೋವಿಗೆ ಮಡಚ್ಕಂಡಿರೋದು. ಬಿಚ್ಚು ಆ ಬಟ್ಟೆಯ. ಅದಕ್ಕೂ ಮುಂಚೆ ಒಂದ್ ಚೆಂಬು ನೀರು ತಾ, ನನ್ ಕಾಲು ನೋಡು."

ಎರಡು ದಿನದ್ದೆಲ್ಲ ಮಂಚಮ್ಮನ ಪಾದದ ಮೇಲೆಯೇ ಬಿದ್ದಿತ್ತು. ಚಲುವರಾಜು ನೀರು ತಂದ.

ಕಟ್ಟು ಬಿಚ್ಚಿದಾಗ ಎಲೆ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಚಿಮುಕಿಸಿ ಬಿಡಿಸಿದರೆ ಅದರ ಜೊತೆ ಗುಳ್ಳೆಯ ಸಿಪ್ಪೆಯೂ ಬಂತು. ಮೇಘನ ಉಸಿರು ಹಿಡಿದು ಅತ್ತಳು. ಮಂಚಮ್ಮ ಎಲೆಯನ್ನು ಮೂಗಿನ ಹತ್ತಿರ ಹಿಡಿದಳು.

"ಎಕ್ಕ. ಯಾವಾಗಿಂದ?"

"ಗುರುವಾರದಿಂದ."

"ಎಷ್ಟು ಸಲ ಕಟ್ದೆ?"

"ಮೂರು."

"ಕಿತ್ತು ಒಂದಿನ ಮಡಗಿ ಹಾಲು ಬತ್ತಿಸಿದ್ದಾ?"

ಪುಟ್ಟಲಕ್ಷ್ಮಮ್ಮ ಅತ್ತೆಯನ್ನೇ ನೋಡಿದಳು. ತಾಯಿ ಎಲೆಗಳನ್ನು ಅಟ್ಟದ ಕೆಳಗೆ ಹರಡಿ ಇಡುತ್ತಿದ್ದುದು ಅವಳಿಗೆ ಆಗ ನೆನಪಾಯಿತು. ಯಾಕೆಂದು ಅವಳು ಯಾವತ್ತೂ ಕೇಳಿರಲಿಲ್ಲ.

"ಆ ಹಾಲು ಸೋಕಿದ್ರೆ ಎತ್ತಿನ ಚರ್ಮನೂ ಬೊಬ್ಬೆ ಏಳ್ತದೆ ಕಣೇ. ಇದು ಮೊನ್ನೆ ಉಟ್ಟಿದ ಚರ್ಮ."

ಸಿದ್ದಲಿಂಗಮ್ಮ ಎರಡು ಗಂಟೆಗೆ ಬಂದರು. ಸುದ್ದಿ ಕೇಳಿ ಬಸ್ ಸ್ಟಾಂಡಿನಿಂದ ನೇರ ಬಂದಿದ್ದರು. ಮಗುವಿನ ಎರಡೂ ಕಾಲು ಮಡಚಿ, ಚಾಚಿ, ಅಂಗಾಲಿಗೆ ಉಗುರಿನಿಂದ ಗೀರಿ ನೋಡಿದರು. ಎರಡೂ ಕಾಲು ಒಂದೇ ಸಮ ಹಿಂದಕ್ಕೆ ಸರಿದವು. ಅವರು ಉಸಿರು ಬಿಟ್ಟು, ಕಾಯಿಸಿ ಆರಿಸಿದ ನೀರಿನಿಂದ ಗಾಯ ತೊಳೆದು ಮುಲಾಮು ಹಚ್ಚಿದರು.

"ನಾನೇನು ಏಳಿದ್ದೆ ನಿಂಗೆ?"

"ಶಾಖ ಕೊಡ್ಬ್ಯಾಡ, ಉಜ್ಜಬ್ಯಾಡ, ಸೊಪ್ಪು ಕಟ್ಬ್ಯಾಡ."

"ಬಾಯಿಪಾಠ ಆಗದೆ. ಮತ್ಯಾಕೆ ಕಟ್ದೆ?"

ಪುಟ್ಟಲಕ್ಷ್ಮಮ್ಮ ಮಗುವಿನ ಚಡ್ಡಿ ಮಡಚುತ್ತಾ ಹೇಳಿದಳು. "ಅತ್ತೆ ಬರೋದ್ರೊಳಗೆ ಊತ ಇಳೀಲಿ ಅಂತ."

ಮಂಚಮ್ಮ ಅಲ್ಲೇ ಕಂಬಕ್ಕೆ ಒರಗಿ ಕಡಲೆಕಾಯಿ ಬಿಡಿಸುತ್ತಿದ್ದಳು. ಬಿಡಿಸುವ ಕೈ ನಿಂತಿತು, ಮತ್ತೆ ಶುರುವಾಯಿತು.

"ಗಾಯದ ನೋವು ಇಳೀಬೇಕು," ಎಂದರು ಸಿದ್ದಲಿಂಗಮ್ಮ. "ಸೋಮವಾರದೊಳಗೆ ಕಾಲು ಊರ್ತಾಳೆ ಅಂತ ನನ್ ಲೆಕ್ಕ. ಊರ್ಲಿಲ್ಲ ಅಂದ್ರೆ ನಾನೇ ಜೊತೇಲಿ ಬತ್ತೀನಿ, ಮೈಸೂರಿಗೆ ಓಗಾನ."

ಅವರು ಚಪ್ಪಲಿ ಮೆಟ್ಟುವಾಗ ಮಂಚಮ್ಮ ತಲೆ ಎತ್ತದೆ ಕೇಳಿದಳು. "ಮುಂದಿನ್ದು ಯಾವಾಗ?"

"ಸೂಜಿ ಇನ್ನು ಐದು ವರ್ಷ ತುಂಬಿದ ಮೇಲೆ. ಡಿಸೆಂಬರಲ್ಲಿ ಬಾಯಿಗೆ ಹನಿ ಇರ್ತದೆ."

"ಅಮಾಸೆ ದಿನ ಮಡಗಬ್ಯಾಡ. ನಾನು ಊರಲ್ಲಿರಕ್ಕಿಲ್ಲ."

ಭಾನುವಾರ ಗೌರಿ ಹಬ್ಬ. ಪುಟ್ಟಲಕ್ಷ್ಮಮ್ಮ ಬಾಗಿನದ ಬಳೆ ತೊಟ್ಟುಕೊಂಡಳು, ಪೂಜೆಗೆ ಕೂತಳು. ಅವಳ ಕಣ್ಣು ಮಗಳ ಕಾಲಿನಿಂದ ಆಚೆ ಹೋಗಲಿಲ್ಲ. ಮೇಘನ ಚಾಪೆಯ ಮೇಲೆ ಕೂತೇ ದಿನ ಕಳೆದಳು. ನಿಲ್ಲಿಸಿದರೆ ಎಡಗಾಲು ಮೇಲಕ್ಕೇ ಹೋಗುತ್ತಿತ್ತು. ಸಂಜೆ ಊರಿಗೆ ಹೊರಡಬೇಕಿದ್ದ ತಿಮ್ಮರಾಜು ಹೊರಡಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರೂ ನಡುಮನೆಯಲ್ಲಿದ್ದರು. ಚಲುವರಾಜು ಮೈಸೂರಿಗೆಂದು ಒಗೆದ ಅಂಗಿ ತೊಟ್ಟಾಗಿತ್ತು. ಹಾಲು ಕುಡಿದು ಕೂತಿದ್ದ ಮೇಘನ, "ಆಯ್" ಎಂದಳು.

ಪುಟ್ಟಲಕ್ಷ್ಮಮ್ಮ ಎತ್ತಿಕೊಳ್ಳಲು ಬಗ್ಗಿದಳು. ಮಂಚಮ್ಮ ಅವಳ ತೋಳು ಹಿಡಿದಳು. "ಯಾರೂ ಎತ್ಕಬ್ಯಾಡಿ."

ಮಗು ಎಲ್ಲರ ಮುಖ ನೋಡಿತು. ಯಾರೂ ಬರಲಿಲ್ಲ. "ಆಯ್" ಎಂದು ಇನ್ನೊಮ್ಮೆ, ಸ್ವಲ್ಪ ಕೋಪದಿಂದ. ಆಮೇಲೆ ಕಂಬ ಹಿಡಿದು ಎದ್ದಿತು. ಬಲಗಾಲು ಊರಿತು. ಎಡಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿ ಹಿಂದಕ್ಕೆ ಹೋಯಿತು. ಮತ್ತೆ ತಾಗಿತು. ಹಿಮ್ಮಡಿ ಇಳಿಯಿತು. ಕಂಬ ಬಿಟ್ಟು ಒಂದು ಹೆಜ್ಜೆ, ಕುಂಟಿಕೊಂಡು ಇನ್ನೊಂದು. ಹಿತ್ತಲ ಹೊಸ್ತಿಲನ್ನು ಕೈಯೂರಿ ದಾಟಿ, ಒಂದು ಕೈಯಲ್ಲಿ ಚಡ್ಡಿ ಜಗ್ಗುತ್ತಾ, ನುಗ್ಗೆಮರದ ಬುಡದ ಬೂದಿಯವರೆಗೆ ಹೋಯಿತು. ಹನ್ನೊಂದು ಹೆಜ್ಜೆ ಎಂದು ಪುಟ್ಟಲಕ್ಷ್ಮಮ್ಮ ನನಗೆ ಹೇಳಿದಳು.

ಎರಡೂ ಕಾಲು ಊರಿ ಕುಕ್ಕುರುಗಾಲಲ್ಲಿ ಕೂತ ಮೇಲೆ ಮೇಘನ ತಿರುಗಿ ನೋಡಿದಳು. ಬಾಗಿಲಲ್ಲಿ ನಾಲ್ಕು ಜನ ಒಬ್ಬರ ಮೇಲೊಬ್ಬರು ಬಗ್ಗಿ ನಿಂತಿದ್ದರು.

"ಓಗು," ಎಂದಳು.

"ಏಳ್ತಾವ್ಳಲ್ಲ, ನಡೀರಿ," ಎಂದು ತಿಮ್ಮರಾಜು ಮಂಡಿಯ ಮೇಲೆ ಕೈಯೂರಿ ಮೊದಲು ಒಳಕ್ಕೆ ತಿರುಗಿದ. ಅವನ ಹಿಂದೆ ಚಲುವರಾಜು. ಮಂಚಮ್ಮ ಚೆಂಬಿಗೆ ನೀರು ತುಂಬಿ ಸೊಸೆಯ ಕೈಗೆ ಕೊಟ್ಟು ತಾನೂ ಒಳಗೆ ಹೋದಳು. ಪುಟ್ಟಲಕ್ಷ್ಮಮ್ಮ ಚೆಂಬು ಹಿಡಿದು, ಹಿತ್ತಲಿಗೆ ಬೆನ್ನು ಮಾಡಿ, ಮಗಳು ಕರೆಯುವವರೆಗೂ ಅಲ್ಲೇ ನಿಂತಿದ್ದಳು.